ಹುಟ್ಟದ ಮಕ್ಕಳ ಪರವಾಗಿ ಒಪ್ಪಿಗೆ

1868ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಮದುವೆ. ವರ ಜರ್ಮನಿಯ ನಸ್ಸಾವ್ ರಾಜಮನೆತನದ ನಿಕೋಲಾಸ್. ವಧು ನತಾಲಿಯಾ, ರಷ್ಯಾದ ಕುಲೀನ ಮನೆಯ ಹೆಣ್ಣು, ಕವಿ ಪುಷ್ಕಿನ್ ಮಗಳು. ಮೊದಲ ಗಂಡನನ್ನು ಬಿಟ್ಟು ಬಂದವಳು. ಆಕೆ ಕುಲೀನಳಾದರೂ ರಾಜವಂಶದವಳಲ್ಲ. ಆದ್ದರಿಂದ ಅದು ಮಾರ್ಗನ್ಯಾಟಿಕ್ ಮದುವೆ. ಅಂದರೆ ಹೆಂಡತಿಯೆನ್ನುವುದಕ್ಕೆ ಯಾರ ತಕರಾರೂ ಇಲ್ಲ, ಆದರೆ ಗಂಡನ ಪದವಿ ಅವಳಿಗೆ ಸಲ್ಲದು, ಅವಳ ಮಕ್ಕಳು ಸಿಂಹಾಸನ ಕೇಳುವಂತಿಲ್ಲ. ಮೆರೆನ್‌ಬರ್ಗಿನ ಕೌಂಟೆಸ್ ಎಂಬ ಬೇರೆಯೇ ಬಿರುದು ಕೊಟ್ಟು ಆಕೆಯನ್ನು ಪಕ್ಕಕ್ಕೆ ಕೂರಿಸಿದರು. ಕಾಯಬೇಕಾದ ಸಿಂಹಾಸನವಾದರೂ ಎಲ್ಲಿತ್ತು? ಎರಡು ವರ್ಷ ಮೊದಲೇ, 1866ರಲ್ಲಿ, ನಸ್ಸಾವ್ ರಾಜ್ಯವನ್ನು ಪ್ರಶ್ಯ ನುಂಗಿಹಾಕಿತ್ತು!

ಈ ಪದ್ಧತಿಯನ್ನು ಸಮರ್ಥಿಸುವವರ ಮಾತು ಪೊಳ್ಳಲ್ಲ. ರಾಜಕುಮಾರನ ಮನಸ್ಸು ಎಲ್ಲಿ ನೆಟ್ಟರೂ ಆ ಹೆಣ್ಣಿನ ಅಣ್ಣತಮ್ಮಂದಿರು ಅರಮನೆಗೆ ನುಗ್ಗಿ ಅಧಿಕಾರ ಹಿಡಿಯದಂತೆ ಇದು ತಡೆಯುತ್ತದೆ. ಮೇಲಾಗಿ ವಧು ಎಲ್ಲ ತಿಳಿದೇ ಒಪ್ಪಿದ್ದಾಳೆ, ಇದರಲ್ಲಿ ಮೋಸವೆಲ್ಲಿ ಬಂತು?

ತನ್ನದನ್ನು ಬಿಟ್ಟುಕೊಡಲು ಯಾರಿಗೂ ಸ್ವಾತಂತ್ರ್ಯವಿದೆ, ನಿಜ. ಇನ್ನೂ ಹುಟ್ಟದವರದ್ದನ್ನು ಬಿಟ್ಟುಕೊಡುವ ಅಧಿಕಾರ ಯಾರು ಕೊಟ್ಟರು? ನತಾಲಿಯಾಳ ಮಗ ಗೇಯಾರ್ಗ್ ಇದೇ ಪ್ರಶ್ನೆಯನ್ನು ಲಕ್ಸೆಂಬರ್ಗಿನ ಸಿಂಹಾಸನದೆದುರು ತಂದು ನಿಲ್ಲಿಸಿದ. ನಸ್ಸಾವ್ ಮನೆತನದ 1783ರ ಕೌಟುಂಬಿಕ ಒಪ್ಪಂದದಲ್ಲಿ ಗಂಡು ಸಂತತಿಗೆ ಮೊದಲ ಹಕ್ಕು. ಅದರ ಬಲದಿಂದಲೇ 1890ರಲ್ಲಿ ಲಕ್ಸೆಂಬರ್ಗ್, ಅದನ್ನೂ ಆಳುತ್ತಿದ್ದ ನೆದರ್ಲೆಂಡ್ಸ್ ದೊರೆಯ ಮಗಳಾದ ವಿಲ್ಹೆಲ್ಮಿನಾಗೆ ತಪ್ಪಿ, ನಿಕೋಲಾಸನ ಅಣ್ಣ ಅಡಾಲ್ಫನ ಪಾಲಾಗಿತ್ತು. ಅಡಾಲ್ಫನ ಮಗ ವಿಲಿಯಂಗೆ ಆರೂ ಹೆಣ್ಣುಮಕ್ಕಳು. ಗಂಡು ಎಂದು ಉಳಿದವನು ಗೇಯಾರ್ಗ್. 1907ರಲ್ಲಿ ಲಕ್ಸೆಂಬರ್ಗಿನ ಕಾನೂನು ಅವನನ್ನು ಬದಿಗೆ ಸರಿಸಿ ವಿಲಿಯಂನ ಹಿರಿಮಗಳು ಮಾರಿ ಅಡಿಲೇಡಳನ್ನು ವಾರಸುದಾರಳೆಂದು ಸಾರಿತು. ಹದಿನೇಳು ವರ್ಷದ ಹಿಂದೆ ಹೆಣ್ಣನ್ನು ಹೊರಗಿಟ್ಟ ಮನೆತನ, ಪುಷ್ಕಿನ್ ಮೊಮ್ಮಗನನ್ನು ಹೊರಗಿಡಲು ಹೆಣ್ಣನ್ನೇ ಕರೆತಂದಿತು. ರಕ್ತವೇ ಪ್ರಮಾಣವಾಗಿದ್ದರೆ ಗೇಯಾರ್ಗ್‌ನಲ್ಲಿ ನಸ್ಸಾವ್ ರಕ್ತವೇನು ಕಡಿಮೆಯಿತ್ತೇ? ಪ್ರಮಾಣವಾದದ್ದು ಅವನ ತಾಯಿಯ ಮದುವೆಯ ಕರಾರು.

ಹಾಗೆಂದು ಗೇಯಾರ್ಗ್‌ಗೆ ನಾನು ಮರುಗಲಾರೆ. ವಂಶದಿಂದಲೇ ರಾಜ್ಯ ಬರಬೇಕೆಂಬ ನಿಯಮವನ್ನು ಅವನೂ ಪ್ರಶ್ನಿಸಲಿಲ್ಲ. ಅದರಲ್ಲಿ ತನಗೂ ಪಾಲು ಕೇಳಿದ, ಅಷ್ಟೆ. ಸಿಂಹಾಸನ ಯಾರ ಹುಟ್ಟುಹಕ್ಕೂ ಅಲ್ಲ, ಆದ್ದರಿಂದ ಅದು ತಪ್ಪಿದ್ದು ಅನ್ಯಾಯವಲ್ಲ. ನತಾಲಿಯಾಳಿಗೆ ಆದದ್ದು ಅನ್ಯಾಯ: ಸ್ವಂತ ಮನೆಯಲ್ಲೇ, ಗಂಡನ ಪಕ್ಕದಲ್ಲೇ, ಆಕೆ ಒಂದು ಮೆಟ್ಟಿಲು ಕೆಳಗೆ ನಿಂತು ಬಾಳಬೇಕಾಯಿತು. ರಾಜ್ಯದ ಭದ್ರತೆಗೆ ಆ ಮೆಟ್ಟಿಲು ಬೇಕಿರಲಿಲ್ಲ.

1912ರಲ್ಲಿ ಪಟ್ಟವೇರಿದ ಮಾರಿ ಅಡಿಲೇಡ್ 1919ರಲ್ಲಿ ಅದನ್ನು ತಂಗಿ ಶಾರ್ಲೆಟ್‌ಗೆ ಬಿಟ್ಟುಕೊಟ್ಟಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಾರ್ಲೆಟ್ ಉಳಿಯಬೇಕೇ ಬೇಡವೇ ಎಂದು ಲಕ್ಸೆಂಬರ್ಗಿನ ಜನರನ್ನೇ ಕೇಳಲಾಯಿತು. ಹೆಂಗಸರೂ ಮತ ಹಾಕಿದರು. ಮುಕ್ಕಾಲು ಪಾಲಿಗೂ ಹೆಚ್ಚು ಮತ ಅವಳಿಗೆ ಬಿತ್ತು.