ಗುಣ ವಸ್ತುವಿನದೋ, ಜೋಡಣೆಯದೋ?

ಗುಣವು ದ್ರವ್ಯದಲ್ಲಿ ಸಮವಾಯ ಎಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸುತ್ತದೆ ಎಂಬುದು ವೈಶೇಷಿಕ ದಾರ್ಶನಿಕರ ಮತ. ನೂಲಿನ ಬಣ್ಣವೇ ಬಟ್ಟೆಯ ಬಣ್ಣಕ್ಕೆ ಕಾರಣ. ಮೆಟಾಮೆಟೀರಿಯಲ್‌ಗಳು ಈ ಮತವನ್ನು ಗಂಭೀರವಾಗಿ ಪರೀಕ್ಷಿಸುತ್ತವೆ. ಇವುಗಳಲ್ಲಿ ಪರಿಚಿತ ವಸ್ತುಗಳನ್ನೇ ಅಲೆಯ ಉದ್ದಕ್ಕಿಂತ ಚಿಕ್ಕ ಘಟಕಗಳಾಗಿ ಜೋಡಿಸಿದಾಗ, ಬಿಡಿಯಾಗಿ ಯಾವುದರಲ್ಲೂ ಕಾಣದ ಗುಣ ಮೂಡುತ್ತದೆ. 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸೀಳುಳ್ಳ ಪುಟ್ಟ ತಾಮ್ರದ ಉಂಗುರಗಳ ಸಾಲುಗಳು ಮೈಕ್ರೋವೇವ್ ಅಲೆಗಳನ್ನು ಒಂದು ಸಿಲಿಂಡರಿನ ಸುತ್ತ ಬಾಗಿಸಿ ಸಾಗಿಸಿದವು. ಆ ಅಲೆಗಳಿಗೆ ಸಿಲಿಂಡರ್ ಪೂರ್ತಿ ಮರೆಯಾಗಲಿಲ್ಲ, ನಿಜ.

ಶಬ್ದದ ಪ್ರಯೋಗ ಇನ್ನೂ ಸ್ಪಷ್ಟ. 2000ದಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಸುಮಾರು 1 ಸೆಂ.ಮೀ. ವ್ಯಾಸದ ಸೀಸದ ಗುಂಡುಗಳಿಗೆ ಮೆತ್ತನೆಯ ಸಿಲಿಕೋನ್ ರಬ್ಬರ್ ಹೊದಿಸಿ, ಎಪಾಕ್ಸಿಯಲ್ಲಿ ಹುದುಗಿಸಿದರು. ರಬ್ಬರಿನೊಳಗೆ ಗುಂಡು ತನ್ನದೇ ಲಯದಲ್ಲಿ ಓಲಾಡಿ, ತನಗಿಂತ ನೂರಾರು ಪಟ್ಟು ಉದ್ದದ ಅಲೆಯನ್ನು ತಡೆಯಿತು. ತಡೆದದ್ದು ಸೀಸವೂ ಅಲ್ಲ, ರಬ್ಬರೂ ಅಲ್ಲ, ಅವುಗಳ ಸಂಯೋಗ.

ಭೂತಗಳ, ಅಂದರೆ ಮೂಲದ್ರವ್ಯಗಳ, ಸಂಯೋಗದಿಂದಲೇ ಚೈತನ್ಯ ಹುಟ್ಟುತ್ತದೆ ಎಂದ ಭೌತವಾದಿ ಚಾರ್ವಾಕರಿಗೆ ಇದು ಪುರಾವೆಯೇ? ಹಾಗೆನ್ನುವುದು ಆತುರವಾದೀತು. ತಾಮ್ರದ ವಾಹಕತೆ, ಉಂಗುರದ ಆಕಾರ ಗೊತ್ತಿದ್ದರೆ ಮ್ಯಾಕ್ಸ್‌ವೆಲ್ ಸಮೀಕರಣಗಳಿಂದ ಹೊಸ ಗುಣವನ್ನು ಮೊದಲೇ ಲೆಕ್ಕಹಾಕಬಹುದು. ಹಾಗಾಗಿ ಅದು ಹೊಸದಾದರೂ ಘಟಕಗಳಿಂದ ಪೂರ್ತಿ ವಿವರಿಸಬಲ್ಲದ್ದು. ಚೈತನ್ಯಕ್ಕೆ ಅಂಥ ಸಮೀಕರಣ ಇನ್ನೂ ದೊರೆತಿಲ್ಲ.