ಕಾಲು ಚಾಚು ಎಂದ ಗಾದೆ

ಡಿಸೆಂಬರ್ ಬಂತೆಂದರೆ ನಮ್ಮ ಮೂಡಿಗೆರೆ ಕಡೆ ಯಾರನ್ನು ಮಾತಾಡಿಸಿದರೂ ಒಂದೇ ಉತ್ತರ: ‘ಕುಯ್ಲು ಮುಗೀಲಿ ಮಾರಾಯ್ರೆ.’ ಸೊಂಟನೋವಿಗೆ ಡಾಕ್ಟರ ಹತ್ತಿರ ಹೋಗುವುದು ಕುಯ್ಲು ಮುಗಿದ ಮೇಲೆ. ಸಕ್ಕರೆ ಪರೀಕ್ಷೆ, ಕಣ್ಣಿನ ಪರೀಕ್ಷೆ, ಮಗಳ ಮನೆಯಲ್ಲಿ ಎರಡು ದಿನ ಇದ್ದು ಬರುವುದು, ಕೊನೆಗೆ ನಿದ್ದೆಯೂ ಕುಯ್ಲು ಮುಗಿದ ಮೇಲೆಯೇ. ಅರೇಬಿಕಾ ಕಾಫಿ ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ರೊಬಸ್ಟಾ ಇನ್ನೂ ಕಣದಲ್ಲಿರುವಾಗಲೇ ಹೂಮಳೆಯ ಚಿಂತೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಪೈಪು ಹೊತ್ತು ಓಡಬೇಕು. ಆಮೇಲೆ ಗಿಡಗಸಿ, ಮರಗಸಿ ಎಂಬ ಕೊಂಬೆ ಸವರುವ ಕೆಲಸ, ಗೊಬ್ಬರ, ಮಳೆ ಹಿಡಿಯುವುದರೊಳಗೆ ಬೋರ್ಡೋ ಸಿಂಪಡಣೆ. ಮಳೆ ಹಿಡಿದರೆ ಕೊಳೆರೋಗ, ಬಿಟ್ಟರೆ ಕಳೆ. ಅಷ್ಟರಲ್ಲಿ ಮತ್ತೆ ನವೆಂಬರ್. ‘ಕುಯ್ಲು ಮುಗೀಲಿ’ ಅಂದವರ ಕುಯ್ಲು ಮುಗಿದದ್ದನ್ನು ನಾನು ಈ ವಯಸ್ಸಿನವರೆಗೆ ನೋಡಿಲ್ಲ.

2025ರ ಆರಂಭದಲ್ಲಿ ಕಾಫಿ ದರ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. 2000ದ ಆಚೀಚಿನ ವರ್ಷಗಳಲ್ಲಿ ದರ ನೆಲಕ್ಕೆ ಬಿದ್ದದ್ದನ್ನು ಕಂಡವರು ನಾವು. ಒಳ್ಳೆ ದರ ಬಂದರೆ ನೆಮ್ಮದಿಯಾಗಿ ಮಲಗಬಹುದು ಎಂದುಕೊಂಡಿದ್ದೆವು. ಹಾಗಾಗಲಿಲ್ಲ. ಕಣದ ಕಾಫಿಗೆ ಕಳ್ಳರ ಭಯ ಹುಟ್ಟಿ ರಾತ್ರಿ ಕಾವಲು ಬಂತು. ಅದರ ಮೇಲೆ ಆನೆ. ಯಾವ ಗುಂಪು ಯಾವ ತೋಟದಲ್ಲಿದೆ ಎಂಬ ವಾಟ್ಸಾಪ್ ಸಂದೇಶ ಬೆಳಗಿನ ಜಾವಕ್ಕೇ ಬರುತ್ತದೆ. ಅದನ್ನು ನೋಡದೆ ಆಳುಗಳನ್ನು ತೋಟಕ್ಕೆ ಬಿಡುವ ಹಾಗಿಲ್ಲ. ಫೋನು ದಿಂಬಿನ ಪಕ್ಕದಲ್ಲೇ ಇರಬೇಕು.

ಹೋದ ಸೀಸನ್ನಿನಲ್ಲಿ ನಮ್ಮ ನೆಂಟರೊಬ್ಬರು, ಐವತ್ತು ದಾಟಿಲ್ಲ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಪಕ್ಕದಲ್ಲಿ ಕುಸಿದು ಕೂತರು. ಹೃದಯದ್ದೇನೂ ಅಲ್ಲ ಎಂದರು ಡಾಕ್ಟರು, ತಿಂಗಳಿಂದ ಸರಿಯಾದ ನಿದ್ದೆಯಿಲ್ಲ, ಹೊತ್ತಿಗೆ ಊಟವಿಲ್ಲ ಎಂದರು. ನೋಡಲು ಹೋದಾಗ ಹಿರಿಯರೊಬ್ಬರು ಬುದ್ಧಿ ಹೇಳುತ್ತಿದ್ದರು. ಇರುವ ತೋಟವೇ ಸಾಲದೆ ಪಕ್ಕದ್ದನ್ನೂ ಗುತ್ತಿಗೆಗೆ ಹಿಡಿದದ್ದು ಅವರ ಆಕ್ಷೇಪ. ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪ.’ ಮಂಚದ ಮೇಲಿದ್ದವರು ತಲೆಯಾಡಿಸಿದರು. ಅವರು ಕಾಲು ಮಡಿಸಿಕೊಂಡು ಮುದುಡಿ ಮಲಗಿದ್ದರು, ಮಂಚದಲ್ಲಿ ಇನ್ನೂ ಒಂದು ಮೊಳ ಜಾಗವಿತ್ತು. ಅಂದಿನಿಂದ ಈ ಗಾದೆ ನನ್ನ ತಲೆಯಿಂದ ಹೋಗುತ್ತಿಲ್ಲ.

ಶಾಲೆಯಲ್ಲಿ ಗಾದೆ ವಿಸ್ತರಿಸಿ ಬರೆಯಿರಿ ಎಂದಾಗಲೆಲ್ಲ ನಾವು ಇದಕ್ಕೆ ಸಾಲದ ಕಥೆ ಬರೆದೆವು. ವರಮಾನಕ್ಕೆ ತಕ್ಕ ಖರ್ಚು, ದುಂದು ಬೇಡ, ಅಷ್ಟೇ. ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು. ದುಡ್ಡಿನ ವಿಚಾರಕ್ಕೆ ಆ ಅರ್ಥ ಸಲ್ಲುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಗಾದೆಯೊಳಗೆ ದುಡ್ಡೂ ಇಲ್ಲ, ಸಾಲವೂ ಇಲ್ಲ. ಇರುವುದು ಹಾಸಿಗೆ ಮತ್ತು ಕಾಲು. ‘ನಿನ್ನ ಸ್ಥಾನ ತಿಳಿದು ಬಾಳು’ ಎಂದು ಬಡವನಿಗೆ ಹೇಳಲು ಇದನ್ನು ಬಳಸುವವರಿದ್ದಾರೆ. ಅದು ಗಾದೆಗೆ ಮಾಡುವ ಅನ್ಯಾಯ, ಅದಕ್ಕೆ ಇಷ್ಟಕ್ಕಿಂತ ಹೆಚ್ಚು ಮಾತು ಬೇಕಿಲ್ಲ. ಈಚೆಗೆ ‘ಹಾಸಿಗೆಯನ್ನೇ ಉದ್ದ ಮಾಡಿಕೋ’ ಎನ್ನುವ ಭಾಷಣಕಾರರೂ ಬಂದಿದ್ದಾರೆ. ಹಾಸಿಗೆ ಉದ್ದವಾಗುವವರೆಗೆ ಎಲ್ಲಿ ಮಲಗಬೇಕೆಂದು ಅವರು ಹೇಳುವುದಿಲ್ಲ.

ನನ್ನ ವಾದ ಕ್ರಿಯಾಪದದ್ದು. ಗಾದೆ ‘ಚಾಚು’ ಎನ್ನುತ್ತದೆ. ಮಡಿಸು, ಮೀರಬೇಡ, ಹುಷಾರು ಎಂಬ ಮಾತುಗಳು ಅದರಲ್ಲಿಲ್ಲ. ‘ಮಾತ್ರ’ ಎಂಬ ಪದವೂ ಇಲ್ಲ. ಇನ್ನು ‘ಇದ್ದಷ್ಟು’. ಕೈಲಾದಷ್ಟು ಸಹಾಯ ಮಾಡು ಎಂದರೆ ಹೆಚ್ಚು ಮಾಡಬೇಡ ಎಂದು ಯಾರಾದರೂ ತಿಳಿಯುತ್ತಾರೆಯೇ? ಬೇಕಾದಷ್ಟು ಬಡಿಸಿಕೊಳ್ಳಿ ಎಂದರೆ ಅದು ಆದರದ ಮಾತು. ಹೊಟ್ಟೆ ತುಂಬುವಷ್ಟು ತಿನ್ನು ಎಂದು ತಾಯಿ ಹೇಳಿದರೆ ಮಗು ತಟ್ಟೆ ದೂಡುವುದಿಲ್ಲ. ಈ ಎಲ್ಲ ಕಡೆ ‘ಅಷ್ಟು’ ಎಂಬುದು ತುಂಬು ಅಳತೆ, ಪೂರ್ತಿಯಾಗಿ ಎಂಬ ಅರ್ಥ. ಹಾಸಿಗೆಯ ವಿಷಯಕ್ಕೆ ಬಂದಾಗ ಮಾತ್ರ ಅದೇ ‘ಅಷ್ಟು’ ಗದರಿಕೆಯಾಗಿ ಕೇಳುವುದು ಏಕೆ? ಕೇಳುವ ಕಿವಿ ದುಡ್ಡಿನದು, ಅದಕ್ಕೇ. ಹಾಸಿಗೆ ಎಷ್ಟಿದೆಯೋ ಅಷ್ಟೂ ಕಾಲು ಚಾಚು, ಇದ್ದ ಹಾಸಿಗೆಯನ್ನು ಖಾಲಿ ಬಿಡಬೇಡ ಎಂದೇ ನಾನು ಓದುತ್ತೇನೆ.

ಹಾಸಿಗೆ ಎಂಬ ಪದವನ್ನೂ ನೋಡಬೇಕು. ಹಾಸುವುದರಿಂದ ಹಾಸಿಗೆ. ನಮ್ಮ ಅಜ್ಜಿಯ ಕಾಲದ ಮನೆಯಲ್ಲಿ ಮಂಚ ಒಂದೋ ಎರಡೋ. ಉಳಿದವರ ಹಾಸಿಗೆ ಬೆಳಿಗ್ಗೆ ಸುತ್ತಿ ಮೂಲೆ ಸೇರುತ್ತಿತ್ತು, ರಾತ್ರಿ ಮತ್ತೆ ಹಾಸಬೇಕಿತ್ತು. ದಿನಾ ಹಾಸದಿದ್ದರೆ ಅದು ಹಾಸಿಗೆಯೇ ಅಲ್ಲ, ಬರೀ ಸುರುಳಿ. ವರ್ಷಕ್ಕೊಮ್ಮೆ ಹಾಸಿ ವರ್ಷದ ನಿದ್ದೆ ಮಾಡಿಬಿಡಲು ಆಗುತ್ತದೆಯೇ? ದಿನಾ ಹಾಸಿ ಕಾಲು ಚಾಚದವರು ಒಂದು ದಿನ ಹಾಸಿಗೆ ಹಿಡಿಯುತ್ತಾರೆ. ಕಾಯಿಲೆ ಬಿದ್ದವರನ್ನು ‘ಹಾಸಿಗೆ ಹಿಡಿದರು’ ಎನ್ನುವ ನುಡಿಗಟ್ಟು ಈ ಗಾದೆಯ ಪಕ್ಕದಲ್ಲೇ ಇರಬೇಕಾದದ್ದು.

ನಾನು ಹೇಳುತ್ತಿರುವುದಕ್ಕೆ ನಮ್ಮ ಕಾಫಿ ಗಿಡಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅರೇಬಿಕಾ ಗಿಡಕ್ಕೆ ತನ್ನ ಮಿತಿ ತಾನೇ ಹಾಕಿಕೊಳ್ಳಲು ಬಾರದು. ನೆರಳು ತೆಗೆದು ಬಿಸಿಲಿಗೆ ಬಿಟ್ಟರೆ ಗೆಣ್ಣುಗೆಣ್ಣಿಗೂ ಹೂ ಕಟ್ಟುತ್ತದೆ. ಕಂಡವರು ಹಿಗ್ಗುತ್ತಾರೆ. ಆದರೆ ಅಷ್ಟೂ ಕಾಯಿ ತುಂಬಲು ಬೇಕಾದ ಆಹಾರವನ್ನು ಎಲೆ ಒದಗಿಸಲಾರದು. ಗಿಡ ಗೆಲ್ಲಿನಲ್ಲಿ, ಬೇರಿನಲ್ಲಿ ಕೂಡಿಟ್ಟದ್ದನ್ನೆಲ್ಲ ಕಾಯಿಗೆ ಸುರಿಯುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ, ಗೆಲ್ಲು ತುದಿಯಿಂದ ಒಣಗುತ್ತ ಬರುತ್ತದೆ, ಸಣ್ಣ ಬೇರುಗಳೂ ಸಾಯುತ್ತವೆ. ಡೈಬ್ಯಾಕ್ ಎನ್ನುತ್ತಾರೆ. ಅರೇಬಿಕಾ ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಗೆಲ್ಲಿನ ಮೇಲೆ. ಈ ವರ್ಷದ ಕಾಯಿ ಎಲ್ಲವನ್ನೂ ತಿಂದುಬಿಟ್ಟರೆ ಮುಂದಿನ ವರ್ಷಕ್ಕೆ ಬೇಕಾದ ಹೊಸ ಗೆಲ್ಲೇ ಬೆಳೆಯುವುದಿಲ್ಲ. ಒಂದು ವರ್ಷ ಭರ್ತಿ ಫಸಲು, ಮರುವರ್ಷ ಗಿಡ ಬರಿದು. ಇದಕ್ಕೆಂದೇ ನಮ್ಮವರು ಕೆಳಗೆ ಹಾಲುವಾಣ, ಮೇಲೆ ಅತ್ತಿ, ಹಲಸು ಬಿಟ್ಟು ನೆರಳು ಸಾಕಿದರು. ಒಟ್ಟು ಲೆಕ್ಕದಲ್ಲಿ ಗಿಡ ಉಳಿಯಬೇಕು, ಹತ್ತಾರು ವರ್ಷ ಕೊಡಬೇಕು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಪ್ರಯೋಗ ಕೇಂದ್ರ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ನೆರಳನ್ನು ಹದದಲ್ಲಿಡಿ ಎಂಬ ಸಲಹೆ ಅಲ್ಲಿಂದ ಕೇಳುತ್ತಲೇ ಇದ್ದೇವೆ. ಗಿಡದ ನೆರಳು ಎಷ್ಟಿರಬೇಕು ಎಂದು ಗಂಟೆಗಟ್ಟಲೆ ಮಾತಾಡಬಲ್ಲ ಬೆಳೆಗಾರ ತನ್ನ ನೆರಳಿನ ವಿಚಾರ ಬಂದಾಗ ‘ಕುಯ್ಲು ಮುಗೀಲಿ’ ಎನ್ನುತ್ತಾನೆ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಗಿಡಕ್ಕೆ ಬರುವ ಈ ಸ್ಥಿತಿ ಮನುಷ್ಯನಿಗೆ ಬಂದಾಗ ಪೇಟೆಯವರು ಬರ್ನ್‌ಔಟ್ ಎನ್ನುತ್ತಾರೆ. ನಮ್ಮಲ್ಲಿ ‘ಸಾಕಾಗಿಹೋಗಿದೆ’ ಎನ್ನುತ್ತೇವೆ. ಒಳ್ಳೆಯ ಮಾತು ಅದು; ದಣಿವೂ ಇದೆ ಅದರಲ್ಲಿ, ಮಾಡುವ ಕೆಲಸದ ಮೇಲೆ ಹುಟ್ಟಿದ ಬೇಸರವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನದೆ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಹೆಸರಿಸಿತು. ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನಿಂದೇನೂ ಆಗುತ್ತಿಲ್ಲ ಎನ್ನಿಸುವುದು ಈ ಮೂರನ್ನು ಅದರ ಗುರುತು ಎಂದಿತು. ಅದೇ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಕೊಟ್ಟ ಲೆಕ್ಕದಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಇಷ್ಟಾದರೂ 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಅವರ ಸಾಧನೆಯ ಮೇಲೆ ಗೌರವವಿದೆ, ಈ ಮಾತನ್ನು ಮಾತ್ರ ಒಪ್ಪಲಾರೆ. ಅದು ನೆರಳು ಕಡಿದು ಫಸಲು ತೆಗೆಯುವ ಲೆಕ್ಕ.

ಆ 70 ಗಂಟೆಯವರು ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ನಮ್ಮಲ್ಲಿಗೇ ಬರುತ್ತಾರೆ. ಮುಳ್ಳಯ್ಯನಗಿರಿಗೆ ದಿನಕ್ಕೆ ಇಷ್ಟೇ ವಾಹನ ಎಂದು ಮಿತಿ ಹಾಕಬೇಕಾಗಿ ಬಂತು, ಅಷ್ಟು ಜನ. ಕಳಸ, ಹೊರನಾಡು, ಕುದುರೆಮುಖದ ದಾರಿಯಲ್ಲೂ ಅದೇ ಸಾಲು. ಬರಲಿ, ಅವರಿಂದ ಎಷ್ಟೋ ಮನೆ ಬೆಳಗಿವೆ. ಆದರೆ ಭಾನುವಾರ ಸಂಜೆ ಅವರು ಹೊರಡುವಾಗ ಮುಖ ನೋಡಿದ್ದೇನೆ: ಚಾರ್ಮಾಡಿ ನೋಡಿದ್ದು, ಗಿರಿ ಹತ್ತಿದ್ದು, ನಡುರಾತ್ರಿವರೆಗೆ ಕೂತದ್ದು ಎಲ್ಲ ಸೇರಿ ಬಂದಾಗಿನದಕ್ಕಿಂತ ಹೆಚ್ಚು ಬಳಲಿರುತ್ತಾರೆ. ಎರಡು ದಿನಕ್ಕೆ ಬಾಡಿಗೆಗೆ ತೆಗೆದುಕೊಂಡ ಹಾಸಿಗೆ ಅವರ ‘ಇದ್ದಷ್ಟು’ ಅಲ್ಲ. ಅವರ ಹಾಸಿಗೆ ಬೆಂಗಳೂರಿನ ಕೋಣೆಯಲ್ಲಿದೆ, ಸೋಮವಾರ ರಾತ್ರಿ ಹನ್ನೊಂದಕ್ಕೂ ಖಾಲಿಯಾಗಿಯೇ ಇರುತ್ತದೆ.

ಬಂದವರಿಗೆ ಹಾಸಿಗೆ ಹಾಸುವವರು ಯಾರು? ನಮ್ಮ ಅತ್ತಿಗೆ ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತಾರೆ. ಶನಿವಾರ ಎಂಟು ಜನಕ್ಕೆ ಹೊದಿಕೆ ಬದಲಿಸಿ, ಅಕ್ಕಿರೊಟ್ಟಿ ತಟ್ಟಿ, ಎಲ್ಲರದ್ದೂ ಆದ ಮೇಲೆ ನಿಂತೇ ತಿನ್ನುತ್ತಾರೆ. ವಿಶ್ರಾಂತಿ ಮಾರುವ ಮನೆಯಲ್ಲಿ ವಿಶ್ರಾಂತಿ ಇಲ್ಲದವರು ಅವರೊಬ್ಬರೇ. ನಮ್ಮಮ್ಮನೂ ಹಾಗೇ ಇದ್ದರು. ಅದನ್ನು ನಾವು ತ್ಯಾಗ ಎಂದು ಹೊಗಳಿದೆವು. ಹೊಗಳುವ ಬದಲು ಒಂದು ಪಾತ್ರೆ ತೊಳೆದಿದ್ದರೆ ಅವರ ಹಾಸಿಗೆ ಒಂದು ಗೇಣು ಉದ್ದವಾಗುತ್ತಿತ್ತು.

ಹಾಸಿಗೆಯೇ ಇಲ್ಲದವನಿಗೆ ಕಾಲು ಚಾಚು ಎನ್ನುವುದು ಕ್ರೂರ, ಒಪ್ಪುತ್ತೇನೆ. ಅದಕ್ಕೇ 1951ರ ತೋಟ ಕಾರ್ಮಿಕರ ಕಾಯ್ದೆಯನ್ನು ನಾನು ಈ ಗಾದೆಯ ಜೊತೆಗಿಟ್ಟು ಓದುತ್ತೇನೆ. ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡುವು, ವಾರಕ್ಕೊಂದು ರಜೆ, 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಗೃಹ ಎಂದು ಅದು ಬರೆಯಿತು. ಕಾನೂನು ಹಾಸಿದ ಹಾಸಿಗೆ ಅದು. ಕುಯ್ಲಿನಲ್ಲಿ ಕೆ.ಜಿ. ಲೆಕ್ಕದ ಕೂಲಿ ಬಂದಾಗ ಆ ಅರ್ಧ ಗಂಟೆಯನ್ನು ಕೆಲಸಗಾರರೇ ಬಿಟ್ಟುಕೊಡುತ್ತಾರೆ. ಇನ್ನೊಂದು ಬುಟ್ಟಿ ತುಂಬಿದರೆ ಮಕ್ಕಳ ಫೀಸಿಗಾಯಿತು ಎಂಬ ಲೆಕ್ಕ. ಅಸ್ಸಾಮಿನಿಂದ ಬಂದ ಹುಡುಗರು ಗಿಡದ ಬುಡದಲ್ಲೇ ಬಿಸ್ಕೆಟ್ ತಿಂದು ಮತ್ತೆ ಕುಯ್ಯುತ್ತಾರೆ. ಹೊತ್ತಿಗೆ ಸರಿಯಾಗಿ ಕೆಲಸ ನಿಲ್ಲಿಸಿ ಎಲ್ಲರನ್ನೂ ಕೂರಿಸುವುದು ತೋಟದ ಯಜಮಾನನ ಕರ್ತವ್ಯ, ಮೇಸ್ತ್ರಿಯ ಇಷ್ಟಕ್ಕೆ ಬಿಡುವಂಥದ್ದಲ್ಲ. ಸಣ್ಣ ಬೆಳೆಗಾರರೇ ಹೆಚ್ಚಿರುವ ನಮ್ಮಲ್ಲಿ ಯಜಮಾನನೂ ಆಳಿನ ಜೊತೆಗೇ ದುಡಿಯುತ್ತಾನೆ. ಅವನು ಕೂತರೆ ಉಳಿದವರೂ ಕೂರುತ್ತಾರೆ.

ಸಂಜೆಯ ಕುಡಿತದ ಬಗ್ಗೆಯೂ ಹೇಳಲೇಬೇಕು. ‘ದಣಿವಾರಿಸಿಕೊಳ್ಳೋಕೆ’ ಎಂದೇ ಲೈನ್ ಮನೆಯಲ್ಲೂ ಬಂಗಲೆಯಲ್ಲೂ ಅದಕ್ಕೆ ಹೆಸರು. ಕುಡಿದು ಬಿದ್ದವನ ನಿದ್ದೆ ನಡುರಾತ್ರಿಗೆ ಒಡೆಯುತ್ತದೆ, ಬೆಳಿಗ್ಗೆ ದಣಿವು ಹಾಗೇ ಇರುತ್ತದೆ. ನಮ್ಮ ಹಿರಿಯರು ದಣಿವಾರಿಸಲು ಬಚ್ಚಲೊಲೆ ಹಾಕಿಟ್ಟಿದ್ದರು. ತೋಟದಿಂದ ಬಂದವರು ಹಂಡೆಯ ಬಿಸಿನೀರು ಬೆನ್ನಿಗೆ ಹೊಯ್ದುಕೊಂಡು, ಪಾದಕ್ಕೆ ಎಣ್ಣೆ ತಿಕ್ಕಿ, ಬೇಗ ಉಂಡು ಮಲಗುತ್ತಿದ್ದರು. ಗಾದೆಯ ದಿನಚರಿ ಎಂದರೆ ಅದೇ. ನಾನು ಎರಡು ವರ್ಷದಿಂದ ಮತ್ತೆ ಶುರು ಮಾಡಿದ್ದೇನೆ: ಸಂಜೆ ಆರೂವರೆಗೆ ಹಂಡೆ ನೀರು, ಒಂಬತ್ತೂವರೆಗೆ ಹಾಸಿಗೆ, ಫೋನು ಜಗಲಿಯಲ್ಲಿ. ಕಾವಲಿಗೆ ಮೂರು ಮನೆಯವರು ಸರದಿ ಹಾಕಿಕೊಂಡೆವು, ಆನೆಯ ಸಂದೇಶ ನೋಡುವುದೂ ಸರದಿಯವರದೇ. ಒಬ್ಬನೇ ಕಾಯುವುದು ಶೌರ್ಯವೆಂದು ತಿಳಿದಿದ್ದ ವರ್ಷಗಳಲ್ಲಿ ನಾನು ಮನೆಯವರ ಮೇಲೆಲ್ಲ ರೇಗಾಡಿದ್ದೇನೆ.

ಇದೇ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು 2007ರವರೆಗೆ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಹೊಳೆ ದಂಡೆಯಲ್ಲಿ ಕೂರುತ್ತಿದ್ದರು, ಹಕ್ಕಿಯ ಚಿತ್ರಕ್ಕಾಗಿ ಕಾದು ಕೂರುತ್ತಿದ್ದರು. ಅದನ್ನು ಸಾಹಿತಿಯ ಖಯಾಲಿ ಎನ್ನುವವರಿದ್ದಾರೆ. ಅವರ ತೋಟಕ್ಕೂ ಇದೇ ಮಳೆ, ಇದೇ ಕಾಂಡಕೊರಕ, ಇದೇ ದರ. ಇದ್ದ ದಿನದೊಳಗೇ ಅವರು ಕಾಲು ಚಾಚಿದರು ಎಂದು ನನಗೆ ಕಾಣುತ್ತದೆ.

ಕಾಲು ಚಾಚುವುದಕ್ಕೆ ನಮ್ಮಲ್ಲಿ ಇನ್ನೊಂದು ಅಡ್ಡಿಯಿದೆ. ಹಿರಿಯರ ಮುಂದೆ, ಗಂಡಸರ ಮುಂದೆ ಹೆಂಗಸರು ಕಾಲು ಚಾಚಿ ಕೂರಬಾರದು ಎಂದು ಚಿಕ್ಕಂದಿನಿಂದ ಕಲಿಸಿದ್ದೇವೆ. ನಮ್ಮಮ್ಮ ಮಧ್ಯಾಹ್ನ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದರೆ, ಗೇಟಿನ ಸದ್ದಾದ ಕೂಡಲೇ ಸೆರಗು ಸರಿಮಾಡಿ ಕಾಲು ಮಡಿಸುತ್ತಿದ್ದರು. ಊದಿದ ಮೊಣಕಾಲು ಅದು.

ಮೊನ್ನೆ ಜನವರಿಯಲ್ಲಿ, ಕುಯ್ಲಿನ ನಡುವೆ, ಹಾಜರಿ ಪುಸ್ತಕ ಹಿಡಿದು ಅಣ್ಣನ ಮನೆಗೆ ಹೋದೆ. ಮಧ್ಯಾಹ್ನದ ಹೊತ್ತು. ಜಗಲಿಯಲ್ಲಿ ಕಂಬಳಿ ಹಾಸಿ ಅತ್ತಿಗೆ ಕಾಲು ಚಾಚಿ ಒರಗಿದ್ದರು, ಕಣ್ಣು ಮುಚ್ಚಿತ್ತು. ನನ್ನ ಹೆಜ್ಜೆ ಸದ್ದಿಗೆ ಬೆಚ್ಚಿ ಕಾಲು ಎಳೆದುಕೊಳ್ಳಲು ಹೋದರು. ‘ಇರಲಿ ಅತ್ತಿಗೆ, ಹಾಗೇ ಇರಿ’ ಎಂದೆ. ಕಾಫಿ ಮಾಡ್ತೀನಿ ಎಂದರು. ಬೇಡ, ನಾನೇ ಮಾಡಿ ತರ್ತೀನಿ ಎಂದು ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋದೆ. ಡಿಕಾಕ್ಷನ್ ಇಳಿಯುವುದಕ್ಕೆ ಹೊತ್ತು ಹಿಡಿಯಿತು. ಎರಡು ಲೋಟ ಹಿಡಿದು ಬಂದಾಗ ಅವರಿಗೆ ನಿದ್ದೆ ಹತ್ತಿತ್ತು, ಕಾಲು ಕಂಬಳಿಯ ಅಂಚಿನವರೆಗೂ ಚಾಚಿತ್ತು. ಒಂದು ಲೋಟಕ್ಕೆ ತಟ್ಟೆ ಮುಚ್ಚಿಟ್ಟು ನಾನು ಮೆಟ್ಟಿಲ ಮೇಲೆ ಕೂತೆ.