ಮಕ್ಕಳ ಕಣ್ಣು ಯಾರ ಮೇಲೆ?

2020ರಲ್ಲಿ ಶಾಲೆಗಳು ಮುಚ್ಚಲ್ಪಟ್ಟಾಗ ಪಾಠದ ನಿಮಿತ್ತ ನಮ್ಮ ಹಳ್ಳಿಗಳ ಅನೇಕ ಮನೆಗಳಿಗೆ ಬಂದ ಮೊಬೈಲು, ಶಾಲೆ ತೆರೆದ ಮೇಲೆಯೂ ಮಕ್ಕಳ ಕೈಬಿಡಲಿಲ್ಲ. ಅದನ್ನು ಕಸಕೊಂಡು ಪೆಟ್ಟಿಗೆಯಲ್ಲಿಟ್ಟರೆ ಸಾಕೋ? ಸಾಲದೆಂದು ನನಗೆ ತೋರುತ್ತದೆ. ಹೊಸ ಸಾಧನವೆಲ್ಲಾ ಕೆಟ್ಟದ್ದೆನ್ನುವದಕ್ಕೆ ನಮಗೆ ಬಾಯಿಲ್ಲ. 1843ರಲ್ಲಿ ಮಂಗಳೂರಿನಿಂದ ಕಲ್ಲಚ್ಚಿನಲ್ಲಿ ಕನ್ನಡದ ಮೊದಲನೆಯ ಸಮಾಚಾರ ಪತ್ರಿಕೆಯನ್ನು ಹೊರಡಿಸಿದವರು ಮಿಶನರಿಗಳಾದ ಹರ್ಮನ್ ಮೋಗ್ಲಿಂಗ್ ಅಯ್ಯನವರೇ. ಆದರೆ ಪತ್ರಿಕೆಗೆ ಕಡೇ ಪುಟವುಂಟು. ಈ ಯಂತ್ರದಲ್ಲಾದರೋ ಒಂದು ಚಿತ್ರವು ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಆರಂಭವಾಗುವದು. ಸಾಕೆಂದು ಹೇಳುವ ಸ್ಥಳವನ್ನೇ ಕೂಸು ಕಾಣದು. (ದೊಡ್ಡವರಾದ ನಾವು ಕಾಣುತ್ತೇವೋ?)

ತಿಮೊಥೆಯನಿಗಿಂತ ಮೊದಲು ಅವನ ಮನೆಯಲ್ಲಿ ನಂಬಿದವರು ಅಜ್ಜಿಯಾದ ಲೋವಿಯೂ ತಾಯಿಯಾದ ಯೂನಿಕೆಯೂ. ಅವನು ಅವರ ಮಾತನ್ನು ಕೇಳಿದ್ದು ಮಾತ್ರವಲ್ಲ, ಪ್ರಾರ್ಥನೆಯಲ್ಲಿ ಅವರ ಮುಖವನ್ನೂ ನೋಡಿರಬೇಕು. ನಮ್ಮ ಮನೆಗಳಲ್ಲಿ ಸಾಯಂಕಾಲದ ಪ್ರಾರ್ಥನೆಯ ಮಧ್ಯದಲ್ಲಿ ತಂದೆಯ ಜೇಬು ಗುಂಯ್ಗುಟ್ಟಿದರೆ ಅವನ ಕಣ್ಣು ಎಲ್ಲಿಗೆ ಓಡುವದು? ಮಕ್ಕಳು ಆಗ ಕಣ್ಣು ಮುಚ್ಚಿಕೊಂಡಿರುವರೆಂದು ನೆನಸಬೇಡಿರಿ. ಕಳೆದ ವಾರ ನಾನು ಆಮೆನ್ ಅಂದ ಕೂಡಲೇ ನನ್ನ ಚಿಕ್ಕ ಮಗಳು, “ಅಪ್ಪಾ, ಯಾರ ಮೆಸೇಜು ಬಂತು?” ಎಂದು ಕೇಳಿದಳು.